ದೊಡ್ಡಮ್ಮನಿಗೆ ಬಡಿಸುವ ಕ್ರಮ

ಬಾಗಿಲು ತೆರೆಯುವ ಮುಂಚೆ ಕೆಮ್ಮುವ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಗಂಟಲಲ್ಲಿ ಕಫವಿಲ್ಲ, ಎದೆಯಲ್ಲಿ ದೋಷವಿಲ್ಲ. ಮುಚ್ಚಿದ ಬಾಗಿಲ ಮುಂದೆ ನಿಂತರೆ ಸಾಕು, ಒಂದು ಕೆಮ್ಮು ತಾನಾಗಿ ಬರುತ್ತದೆ. ಜೋರಿನದ್ದಲ್ಲ, ಒಳಗಿರುವವರಿಗೆ ಬಾಯಿ ಒರೆಸಿಕೊಳ್ಳುವಷ್ಟು ಸಮಯ ಕೊಡುವ, ಮರ್ಯಾದೆಯ ಕೆಮ್ಮು. ಗುರುವಾಯನಕೆರೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಬೆಳಿಗ್ಗೆ ಅದರ ಶಟರ್ ಎತ್ತುವ ಮುಂಚೆ ಕೆಮ್ಮುತ್ತೇನೆ. ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆಗೆ ಹೋಗುವ ಮುಂಚೆ ಕೆಮ್ಮುತ್ತೇನೆ. ಪಕ್ಕದ ಮೆಡಿಕಲ್ ಅಂಗಡಿಯವರು ಮರುಕಪಟ್ಟು ಬಗೆಬಗೆಯ ಸಿರಪ್ ಕೊಟ್ಟು ನೋಡಿದರು. ಮನೆಯಲ್ಲಿ ಫ್ರಿಜ್ಜಿನ ಮುಂದೆಯೂ ಕೆಮ್ಮಿದಾಗ ನನ್ನ ಹೆಂಡತಿ ವಿಶಾಲ, "ಅದರೊಳಗೆ ನಿನ್ನೆಯ ಸಾಂಬಾರು ಮಾತ್ರ ಇರುವುದು. ಹೆದರಬೇಡಿ, ತೆರೆಯಿರಿ" ಎಂದಳು.

ಈ ಕೆಮ್ಮು ನನಗೆ ಬಂದದ್ದು ದೊಡ್ಡಮ್ಮನಿಂದ. ದೊಡ್ಡಮ್ಮ ಎಂದರೆ ದೇಜಮ್ಮ, ನನ್ನ ಅಮ್ಮನ ಅಕ್ಕ. ತೊಂಬತ್ತು ದಾಟಿ ಕೆಲವು ವರ್ಷಗಳಾದವು. ಅಮ್ಮ ಇದ್ದಾಗಿನಿಂದಲೂ ನಮ್ಮ ಜೊತೆಯೇ ಅಳದಂಗಡಿಯ ಮನೆಯಲ್ಲಿ ಇದ್ದವರು, ಈಗಲೂ ಇದ್ದಾರೆ. ಇದ್ದಾರೆ ಎಂಬುದು ನಮ್ಮ ಅಭಿಪ್ರಾಯ, ಅವರದು ಬೇರೆ.

ಅದನ್ನು ವಿವರಿಸುವ ಮುಂಚೆ ನಮ್ಮಲ್ಲಿಯ ಒಂದು ಕ್ರಮವನ್ನು ಹೇಳಬೇಕು. ನಮ್ಮ ಕಡೆಯವರಿಗೆ ಗೊತ್ತಿರುವುದೇ. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ತುಳುವರ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ, ಮಳೆಗಾಲದ ಆಟಿ ತಿಂಗಳಲ್ಲೋ ದೀಪಾವಳಿಗೋ, ತೀರಿಕೊಂಡವರಿಗೆ ಬಡಿಸುವುದುಂಟು. ಒಳಕೋಣೆಯನ್ನು ಗುಡಿಸಿ ಒರೆಸಿ ಸಾಲಾಗಿ ಬಾಳೆಲೆ ಹಾಕುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ, ಒಂದೊಂದು ಲೋಟ ನೀರು. ಅವರವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದದ್ದನ್ನು ಬಡಿಸುತ್ತಾರೆ. ಮನೆಯ ಹಿರಿಯರು ಕೈಮುಗಿದು, ಹೆಸರು ಹಿಡಿದು ಕರೆಯುತ್ತಾರೆ: ಬನ್ನಿ, ಉಣ್ಣಿ, ಹೆಚ್ಚುಕಡಿಮೆಯಾದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಮತ್ತೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ ನಿಲ್ಲಬೇಕು. ಸತ್ತವರು ಬದುಕಿರುವವರ ಕಣ್ಣೆದುರು ಉಣ್ಣುವುದಿಲ್ಲ. ಒಂದು ಊಟದಷ್ಟು ಹೊತ್ತು ಕಳೆದ ಮೇಲೆ ಹಿರಿಯರು ಬಾಗಿಲ ಬಳಿ ಹೋಗಿ ಕೆಮ್ಮಿ, ಮೆಲ್ಲಗೆ ತಟ್ಟಿ, ತೆರೆಯುತ್ತಾರೆ. ಅದಾದ ಮೇಲೆಯೇ ನಮಗೆ ಊಟ.

ಚಿಕ್ಕವನಿದ್ದಾಗ ನನಗೆ ಸಾವಿನ ಬಗ್ಗೆ ಇದ್ದ ತಿಳಿವಳಿಕೆ ಇಷ್ಟೇ: ಸತ್ತರೆ ಮೊದಲ ಪಂಕ್ತಿಯಲ್ಲಿ ಊಟ. ಬಾಗಿಲಿನ ಅಡಿಯಿಂದ ಕೋಳಿಸಾರಿನ ಪರಿಮಳ ಹರಿದು ಬರುತ್ತಿತ್ತು. ನಾನು ಆ ಸಂದಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತು, ಎಂದೂ ಕಾಣದ ಮುತ್ತಜ್ಜನ ಮೇಲೆ ಹೊಟ್ಟೆಕಿಚ್ಚುಪಡುತ್ತಿದ್ದೆ. ಒಂದು ವರ್ಷ ಬಾಗಿಲು ತೆರೆದಾಗ ದೊಡ್ಡಮ್ಮನ ತೀರಿಕೊಂಡ ಅಣ್ಣ ಮಂಜಪ್ಪ ಮಾವನ ಎಲೆ ಪೂರ್ತಿ ಖಾಲಿಯಾಗಿತ್ತು. ಮಾವ ಸಂತೃಪ್ತರಾದರು ಎಂದು ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿರುವಾಗ, ಮಂಚದ ಅಡಿಯಿಂದ ಬೆಕ್ಕು ಮೀಸೆ ನೆಕ್ಕುತ್ತ ಹೊರಗೆ ಬಂತು. ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಸ್ವಲ್ಪವೂ ವಿಚಲಿತರಾಗದೆ, "ಮಂಜಪ್ಪಣ್ಣನಿಗೆ ಬೆಕ್ಕು ಅಂದರೆ ಜೀವ. ಅವನೇ ಕೊಟ್ಟಿರಬೇಕು" ಎಂದರು.

ಏಕೆಂದರೆ ನಮ್ಮ ಕುಟುಂಬದಲ್ಲಿ ಈ ಬಡಿಸುವ ಹಿರಿತನ ದೊಡ್ಡಮ್ಮನದು. ಯಾವ ಸತ್ತವರಿಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಅವರ ನಾಲಿಗೆಯ ತುದಿಯಲ್ಲಿತ್ತು. ಹಲ್ಲಿಲ್ಲದೆ ತೀರಿಕೊಂಡ ಅವರ ಅಮ್ಮನಿಗೆ ಮೂಳೆ ತೆಗೆದ ತುಂಡು. ಅವರ ನಾದಿನಿ ಸುಂದರಿಗೂ ಮಂಜಪ್ಪ ಮಾವನಿಗೂ ಗದ್ದೆಯ ಬದುವಿನ ವಿಷಯದಲ್ಲಿ ಮಾತು ಬಿಟ್ಟಿದ್ದರಿಂದ, ಅವರಿಬ್ಬರ ಎಲೆಗಳ ನಡುವೆ ದೊಡ್ಡಪ್ಪನ ಎಲೆ. ನನ್ನ ಅಪ್ಪ ತೀರಿಕೊಂಡದ್ದು ಸಕ್ಕರೆ ಕಾಯಿಲೆಯಲ್ಲಿ. ಅವರಿಗೆ ಮೊದಲ ಸಲ ಬಡಿಸುವಾಗ ದೊಡ್ಡಮ್ಮ ಸಿಹಿಯಿಲ್ಲದ ಪಾಯಸ ಮಾಡಿಸಿದರು. "ಇನ್ನು ಎಂತ ಸಕ್ಕರೆ ಕಾಯಿಲೆ ಅಕ್ಕ? ಹೋಗಿ ಆಯ್ತಲ್ಲ" ಎಂದು ನನ್ನ ಅಮ್ಮ ಅತ್ತಾಗ, "ಅವನು ದೇಹ ಬಿಟ್ಟು ಹೋದದ್ದು ಗೊತ್ತುಂಟು. ಸಕ್ಕರೆ ಬಿಟ್ಟು ಹೋಗಿದ್ದಾನಾ ಅಂತ ನಿನಗೆ ಗೊತ್ತುಂಟಾ?" ಎಂದು ಕೇಳಿದ್ದರು. ಯಾರಿಗೂ ಗೊತ್ತಿರಲಿಲ್ಲ. ಪಾಯಸ ಸಪ್ಪೆಯಾಗಿಯೇ ಉಳಿಯಿತು, ಮತ್ತೆ ನಾವು ಅದನ್ನು ತಿನ್ನಬೇಕಾಯಿತು.

ಮುಪ್ಪು ದೊಡ್ಡಮ್ಮನ ಮೇಲೆ ಒಮ್ಮೆಲೇ ಬೀಳಲಿಲ್ಲ. ಬಲಾಢ್ಯ ಬಾಡಿಗೆದಾರನ ಹಾಗೆ ಒಂದೊಂದೇ ಕೋಣೆಯನ್ನು ಹಿಡಿಯುತ್ತ ಬಂತು. ಮೊದಲು ಮೊಣಕಾಲು, ಆಮೇಲೆ ಬಲಗಿವಿ, ಆಮೇಲೆ ಬೆರಳಿನ ಹಿಡಿತ. ಲೋಟ ಹಿಡಿದ ಕೈ ಬಾಯಿಗೆ ಹೋಗುವ ದಾರಿಯನ್ನು ನಡುವೆ ಮರೆತು ಅಲ್ಲೇ ನಿಲ್ಲುತ್ತಿತ್ತು. ಪೇಪರು ತಲೆಕೆಳಗಾಗಿ ಹಿಡಿಯತೊಡಗಿದಾಗ ಕಣ್ಣಿಗೆ ಏನೋ ಆಗಿದೆ ಎಂದು ಅಂಗಡಿಗೆ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರಿಸಿ, ಎದುರಿನ ಅಕ್ಷರಗಳನ್ನು ಓದಿ ಎಂದೆ. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಾಸಿವೆಯಂಥ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ಓದಿದರು. ನಾನು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆ. ಮತ್ತೆ ನೋಡಿದರೆ ಫಲಕದ ಹಿಂದಿನ ದೀಪವನ್ನೇ ನಾನು ಹಾಕಿರಲಿಲ್ಲ. ವರ್ಷವರ್ಷವೂ ಬಂದು ಅವರಿಗೆ ಅದು ಬಾಯಿಪಾಠವಾಗಿತ್ತು. ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಮುಖವನ್ನು ಬಹಳ ಹೊತ್ತು ನೋಡಿ, ತುಂಬ ಗೌರವದಿಂದ, "ನೀವು ಯಾರ ಮಗ?" ಎಂದು ಕೇಳಿದರು.

ನಾನು ಕನ್ನಡಕದವನು. ಎಷ್ಟು ಕಾಣುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಕಂಡದ್ದು ಯಾರೆಂದು ತಿಳಿಯುತ್ತದೆಯೇ ಎಂದು ಅಳೆಯುವ ಮಸೂರ ನನ್ನ ಪೆಟ್ಟಿಗೆಯಲ್ಲಿ ಇಲ್ಲ.

ಹೀಗೆ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ವಿಶಾಲ ಅವರ ಮುಂದೆ ನೀರುದೋಸೆಯ ತಟ್ಟೆ ಇಟ್ಟಳು. ದೊಡ್ಡಮ್ಮ ಅದನ್ನು ಒಂದೇ ಬೆರಳಿನಿಂದ ದೂರ ಸರಿಸಿದರು. (ಮನೆಯಲ್ಲಿ ನಾವು ಆಡುವುದು ತುಳು, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.)

"ಇದು ಯಾರಿಗೆ?"

"ನಿಮಗೇ ದೊಡ್ಡಮ್ಮ. ಬಿಸಿ ಉಂಟು, ತಿನ್ನಿ."

"ನನಗೆ ಎಂತಕ್ಕೆ? ನಾನು ಹೋಗಿ ಆಯ್ತಲ್ಲ."

"ಎಲ್ಲಿಗೆ ಹೋದದ್ದು?"

"ಎಲ್ಲಿಗೆ ಅಂತ ಕೇಳ್ತೀಯಲ್ಲ ಮಾರಾಯ್ತಿ! ಎಲ್ಲರೂ ಹೋಗುವಲ್ಲಿಗೆ."

ನಾನು ಷರ್ಟಿನ ಗುಂಡಿ ಹಾಕುತ್ತಿದ್ದವನು ಅಲ್ಲೇ ನಿಂತೆ. "ಯಾವಾಗ ದೊಡ್ಡಮ್ಮ?" ಎಂದು ಕೇಳಿದೆ. ಈಗ ಯೋಚಿಸಿದರೆ, ನಾನು ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ.

"ಮೊನ್ನೆ. ನೀನು ಅಂಗಡಿಗೆ ಹೋಗಿದ್ದೆ."

"ನನಗೆ ಯಾರೂ ಹೇಳಲಿಲ್ಲವಲ್ಲ."

"ಅದನ್ನೇ ನಾನೂ ಹೇಳುವುದು. ಯಾರೂ ಯಾರಿಗೂ ಹೇಳಲಿಲ್ಲ. ಒಬ್ಬರಾದರೂ ಅತ್ತರಾ? ಟೀವಿ ಕೂಡ ಬಂದ್ ಮಾಡಲಿಲ್ಲ."

ಅವರಲ್ಲಿ ದುಃಖವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಇದ್ದದ್ದು ನಮ್ಮ ನಡತೆಯ ಮೇಲಿನ ಅಸಮಾಧಾನ ಮಾತ್ರ. ಬೊಜ್ಜ, ಎಂದರೆ ಉತ್ತರಕ್ರಿಯೆ, ಮಾಡಿದಿರಾ, ಬೆಳುವಾಯಿಯ ನೆಂಟರು ಯಾರೆಲ್ಲ ಬಂದಿದ್ದರು, ಊಟಕ್ಕೆ ಸಾಕಾಯಿತಾ ಎಂದು ವಿಚಾರಿಸಿದರು. ವಿಶಾಲ ಸುಳ್ಳು ಹೇಳುವವಳಲ್ಲ. "ನೀವು ಬದುಕಿದ್ದೀರಿ ದೊಡ್ಡಮ್ಮ. ನೋಡಿ, ನನ್ನ ಹತ್ತಿರ ಮಾತಾಡ್ತಿದ್ದೀರಿ" ಎಂದಳು. ದೊಡ್ಡಮ್ಮ ಅವಳ ಕೈಯನ್ನು ಸಮಾಧಾನಪಡಿಸುವಂತೆ ತಟ್ಟಿ, "ಮನೆಯವರಿಗೆ ಹಾಗೇ ಅನಿಸುವುದು ಮಗಳೇ" ಎಂದರು.

ಆ ದಿನ ಅವರು ಏನೂ ತಿನ್ನಲಿಲ್ಲ. ಮರುದಿನವೂ ತಿನ್ನಲಿಲ್ಲ. ನಡುನಡುವೆ ತಾವು ಸತ್ತದ್ದನ್ನು ಮರೆತು ಚಹಾ ಕೇಳುತ್ತಿದ್ದರು. ವಿಶಾಲ ಓಡಿಹೋಗಿ ತರುತ್ತಿದ್ದಳು. ಒಂದು ಗುಟುಕು ಕುಡಿಯುವಷ್ಟರಲ್ಲಿ ನೆನಪಾಗಿ, ಬೇರೆಯವರ ಲೋಟವನ್ನು ತಪ್ಪಿ ಎತ್ತಿಕೊಂಡವರ ಹಾಗೆ ಕೆಳಗಿಡುತ್ತಿದ್ದರು. ಕೆನ್ನೆ ಒಳಕ್ಕೆ ಹೋಯಿತು. ಕಾರು ಮಾಡಿಸಿ ಮೂಡುಬಿದಿರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರು ಒಳ್ಳೆಯವರು, ತಾಳ್ಮೆಯವರು. "ಅಜ್ಜಿ, ನಿಮ್ಮ ಹೆಸರೆಂತ?" ಎಂದು ಕೇಳಿದರು.

"ದೇಜಮ್ಮ ಅಂತ ಇತ್ತು."

"ಈಗ?"

"ಈಗ ಕರೆಯುವುದು ವರ್ಷಕ್ಕೊಮ್ಮೆ ಅಲ್ಲವಾ?"

ಡಾಕ್ಟರು ಅವರ ಮಣಿಕಟ್ಟು ಹಿಡಿದು, "ನಾಡಿ ಉಂಟಲ್ಲ ಅಜ್ಜಿ, ಚೆನ್ನಾಗಿಯೇ ಹೊಡೀತಾ ಉಂಟು" ಎಂದು ನಕ್ಕರು.

"ಅದು ನಿಮ್ಮದು" ಎಂದರು ದೊಡ್ಡಮ್ಮ. "ನಿಮ್ಮ ಬೆರಳಿನದ್ದು."

ಡಾಕ್ಟರು ಒಂದು ಕ್ಷಣ ತಮ್ಮ ಬೆರಳನ್ನೇ ನೋಡಿದರು. ನಾನು ಅದನ್ನು ಕಂಡೆ.

ದೊಡ್ಡಮ್ಮನನ್ನು ಹೊರಗೆ ಕೂರಿಸಿ ಬಂದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: ತೀರಾ ಇಳಿವಯಸ್ಸಿನಲ್ಲಿ ಮಿದುಳು ಸವೆದಾಗ ಕೆಲವರಿಗೆ ಹೀಗೆ ಆಗುವುದುಂಟು. ಮಾತ್ರೆ ಕೊಡುತ್ತೇನೆ, ಆದರೆ ಕೆಲಸ ಮಾಡಲು ಸಮಯ ಬೇಕು. ವಾದ ಮಾಡಬೇಡಿ. ಹೇಗಾದರೂ ಹೊಟ್ಟೆಗೆ ಹೋಗಬೇಕು. "ಭಾನುವಾರದೊಳಗೆ ತಿನ್ನಲಿಲ್ಲ ಅಂತಾದರೆ ಅಡ್ಮಿಟ್ ಮಾಡಿ ಮೂಗಿನಿಂದ ನಳಿಗೆ ಹಾಕುವ. ಕಿತ್ತುಹಾಕ್ತಾರೆ, ಹಾಗಾಗಿ ಕೈ ಕಟ್ಟಬೇಕಾಗಬಹುದು." ಆ ಕೈಗಳನ್ನು ಹಾಸಿಗೆಗೆ ಕಟ್ಟಿದ ಚಿತ್ರ ಮನೆಗೆ ಬರುವವರೆಗೂ ನನ್ನ ಕಣ್ಣೆದುರಿನಿಂದ ಹೋಗಲಿಲ್ಲ.

ಮನೆಗೆ ಬಂದು ವಿಶಾಲ ಗಂಜಿಯ ತಟ್ಟೆ ಹಿಡಿದು ಕಾಡಿದಳು, ಬೇಡಿದಳು. ಕೊನೆಗೆ ದೊಡ್ಡಮ್ಮನಿಗೇ ಸಿಟ್ಟು ಬಂತು.

"ನಿಮಗೆ ಬಡಿಸಲಿಕ್ಕೇ ಗೊತ್ತಿಲ್ಲ! ತಟ್ಟೆಯಲ್ಲಿ ಯಾರಾದರೂ ಬಡಿಸ್ತಾರಾ? ಎಲೆ ಎಲ್ಲಿ? ಕರೆದದ್ದು ಯಾರು? ಬಾಗಿಲು ಹಾಕಿದ್ದು ಯಾರು? ಎದುರು ನಿಂತುಕೊಂಡು ಬಾಯಿ ನೋಡಿದರೆ ಉಣ್ಣುವುದು ಹೇಗೆ? ಇಷ್ಟು ವರ್ಷ ಕಲಿಸಿದ್ದೆಲ್ಲ ನೀರಿಗೆ ಹೋಯ್ತು!"

ವಿಶಾಲ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು, ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲು ಹೆದರಿದೆವು. ಬದುಕಿರುವವರ ಹೆಸರು ಹಿಡಿದು ಆ ಕರೆ ಕರೆಯಬಾರದು. ಕರೆದು ಬಾಗಿಲು ಹಾಕಿದರೆ ಆ ಬಾಗಿಲಿನಿಂದ ಅವರು ಮತ್ತೆ ಹೊರಗೆ ಬರುವುದಿಲ್ಲ ಎಂದು ನಮಗೆ ಹೇಳಿಕೊಟ್ಟವರು ಇದೇ ದೊಡ್ಡಮ್ಮ.

ನಾನು ಬಾಳೆಲೆ ಕಡಿಯಲು ಹೋದೆ.

ಎಲೆ ಹಾಕುವುದರಲ್ಲೇ ತೊಡಕು ಸುರುವಾಯಿತು. ಸತ್ತವರಿಗೆ ನೆಲದ ಮೇಲೆ ಬಡಿಸುವುದು ಕ್ರಮ. ದೊಡ್ಡಮ್ಮನಿಗೆ ನೆಲದಲ್ಲಿ ಕುಳಿತು ಎಷ್ಟೋ ವರ್ಷವಾಗಿತ್ತು. "ಸತ್ತ ಮೇಲೆ ಗಂಟುನೋವು ಹೋಗ್ತದೆ ಅಂತ ಗ್ರಹಿಸಿದ್ದೆ. ಅದೊಂದು ಜೊತೆಗೇ ಬಂದಿದೆ" ಎಂದರು. ಕೊನೆಗೆ ಅಂಗಡಿಯ ಹಳೆಯ ಬೆಂಚು ತಂದು ಮುಂದೆ ಇಟ್ಟು, ಅದರ ಮೇಲೆ ಎಲೆ ಹಾಕಿದೆ. ಅವರು ಅದನ್ನು ನೋಡಿ, "ಒಂದೇ ಎಲೆಯಾ? ನಾನೊಬ್ಬಳೇ ಸತ್ತದ್ದಾ?" ಎಂದರು. ಅದೂ ಹೌದು. ಒಬ್ಬರಿಗೇ ಬಡಿಸುವ ಪದ್ಧತಿಯಿಲ್ಲ. ಅವರ ಅಮ್ಮನಿಗೆ, ಮಂಜಪ್ಪ ಮಾವನಿಗೆ, ದೊಡ್ಡಪ್ಪನಿಗೆ, ಸುಂದರಿಗೆ, ನನ್ನ ಅಪ್ಪ ಅಮ್ಮನಿಗೆ, ಎಲ್ಲರಿಗೂ ಹಾಕಿದೆ. ಬೆಂಚಿನ ಉದ್ದಕ್ಕೂ ಹಸಿರು ಸಾಲು. ಅದರ ಕೊನೆಯಲ್ಲಿ ಕುರ್ಚಿಯ ಮೇಲೆ ದೊಡ್ಡಮ್ಮ ಕುಳಿತು, "ಉಪ್ಪು ಎಡಕ್ಕೆ. ಸುಂದರಿಗೆ ಬದನೆ ಬೇಡ, ತುರಿಸ್ತದೆ" ಎಂದು ನಿರ್ದೇಶಿಸುತ್ತಿದ್ದರು. ನಾನು ಅವರನ್ನು ಕಾಣದವನ ಹಾಗೆ, ಅವರು ಹೇಳಿದ್ದನ್ನೆಲ್ಲ ಮಾಡಿದೆ.

ಕೈಮುಗಿದು ಒಬ್ಬೊಬ್ಬರ ಹೆಸರು ಹೇಳಿದೆ. ಕೊನೆಯ ಹೆಸರು ದೊಡ್ಡಮ್ಮನದು. ಹೇಳಿದೆ. ಬಾಗಿಲು ಹಾಕಿದೆ.

ಹೊರಗೆ ನಾವಿಬ್ಬರೂ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಒಳಗಿನಿಂದ ಮೊದಲು ಏನೂ ಕೇಳಿಸಲಿಲ್ಲ. ಮತ್ತೆ ಲೋಟ ಬೆಂಚಿಗೆ ತಾಗಿದ ಸದ್ದು. ಮತ್ತೆ ದೊಡ್ಡಮ್ಮನ ಗದರುವ ದನಿ: "ಮಾತು ಮತ್ತೆ. ಮೊದಲು ಉಣ್ಣಿ." ವಿಶಾಲ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅದರ ಗುರುತು ಮರುದಿನವೂ ಇತ್ತು. ಸಾಕಷ್ಟು ಹೊತ್ತಾದ ಮೇಲೆ ನಾನು ಕೆಮ್ಮಿದೆ, ತಟ್ಟಿದೆ, ತೆರೆದೆ. ಎಲ್ಲ ಎಲೆಗಳೂ ಬಡಿಸಿದ ಹಾಗೆಯೇ ಇದ್ದವು. ಒಂದು ಎಲೆ ಮಾತ್ರ ತೊಳೆದಿಟ್ಟಷ್ಟು ಚೊಕ್ಕವಾಗಿತ್ತು. ದೊಡ್ಡಮ್ಮ ಬಾಯಿ ಒರೆಸಿಕೊಂಡು, ಇಲ್ಲದವರ ಹಾಗೆ, ಗೋಡೆ ನೋಡುತ್ತ ಕುಳಿತಿದ್ದರು. ಅಕಸ್ಮಾತ್ತಾಗಿ ನನ್ನ ಕಣ್ಣಿಗೆ ಅವರ ಕಣ್ಣು ಸೇರಿತು. ಸಂತೆಯಲ್ಲಿ ಎದುರಾದ ಇಬ್ಬರು ಸಾಲಗಾರರ ಹಾಗೆ ಇಬ್ಬರೂ ತಟ್ಟನೆ ಬೇರೆ ಕಡೆ ನೋಡಿದೆವು.

ಹೀಗೆ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದದ್ದು ದಿನಕ್ಕೆ ಮೂರು ಸಲ ನಡೆಯತೊಡಗಿತು. ಮನುಷ್ಯ ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತಾನೆ. ಬೆಳಿಗ್ಗೆ ಸತ್ತವರಿಗೆಲ್ಲ ಇಡ್ಲಿ. ಸಂಜೆ ಮೆತ್ತಗಿನ ಅನ್ನ. ಉಳಿದ ಎಲೆಗಳದ್ದನ್ನು ನಾವು ಉಣ್ಣುವುದು. ನಾನು ಅಂಗಡಿಗೆ ಹೊರಡುವ ಅವಸರದಲ್ಲಿ ಅಪ್ಪನ ಎಲೆಯಿಂದ ಇಡ್ಲಿ ತಿನ್ನುತ್ತ, ವಿಶಾಲ ಅಮ್ಮನ ಎಲೆಯಿಂದ ತಿನ್ನುತ್ತ, "ಇವತ್ತು ಚಟ್ನಿ ಖಾರ ಆಯ್ತಾ?" ಎಂದು ಕೇಳಿಕೊಳ್ಳುತ್ತಿದ್ದೆವು.

ಇನ್ನೊಂದು ಅನುಕೂಲವೂ ಕಂಡುಬಂತು. ಎದುರಿಗೆ ನಿಂತು ಹೇಳಿದ ಯಾವ ಮಾತನ್ನೂ ದೊಡ್ಡಮ್ಮ ಕೇಳುತ್ತಿರಲಿಲ್ಲ. ಕೈಮುಗಿದು ಪ್ರಾರ್ಥಿಸಿದರೆ ಕೇಳುತ್ತಿದ್ದರು. ಹಾಗಾಗಿ ಮನೆಯ ವ್ಯವಹಾರವೆಲ್ಲ ಪ್ರಾರ್ಥನೆಯಲ್ಲಿ ಸೇರಿಕೊಂಡಿತು. "ಎಲೆಯ ತುದಿಯಲ್ಲಿ ಬಿಳಿ ಮಾತ್ರೆಯೊಂದುಂಟು, ಅದನ್ನೂ ಸ್ವೀಕರಿಸಬೇಕು. ಊಟವಾದ ಮೇಲೆ ವಿಶಾಲ ಉಗುರು ಕತ್ತರಿಸಲಿಕ್ಕಿದ್ದಾಳೆ, ಕೈ ಎಳೆದುಕೊಳ್ಳದೆ ಸಹಕರಿಸಬೇಕು." ಒಂದು ದಿನ ವಿಶಾಲ ಹಿಂದಿನಿಂದ ಪಿಸುಗುಟ್ಟಿದಳು: "ಸ್ನಾನಕ್ಕೆ ಬಿಸಿನೀರು ಇಟ್ಟಿದ್ದೇನೆ ಅಂತ ಸೇರಿಸಿ." ಸೇರಿಸಿದೆ. ಸತ್ತವರೆಲ್ಲರೂ ಕೇಳಿಸಿಕೊಂಡರು, ದೊಡ್ಡಮ್ಮ ಸ್ನಾನಕ್ಕೆ ಬಂದರು.

ಮೂಡುಬಿದಿರೆಯ ಡಾಕ್ಟರಿಗೆ ಫೋನಿನಲ್ಲಿ ಹೇಳಿದಾಗ ಅವರು, "ಹೊಟ್ಟೆಗೆ ಹೋಗ್ತದಲ್ಲ?" ಎಂದು ಕೇಳಿದರು. ಹೋಗ್ತದೆ ಎಂದೆ. "ಹಾಗಾದರೆ ಬಾಗಿಲು ಹಾಕಿ" ಎಂದರು.

ಆದರೆ ನಮ್ಮ ಹಿತ್ತಿಲಿನ ಬಾಳೆ ಬೇಗ ಬೋಳಾಯಿತು. ಪಕ್ಕದ ಮನೆಯ ಫಿಲೋಮಿನಾ ಬಾಯಿಯವರಲ್ಲಿ ಎಲೆ ಕೇಳಲು ವಿಶಾಲ ಹೋದಳು.

"ದಿನಾ ಎಲೆ ಎಂತಕ್ಕೆ ವಿಶಾಲಕ್ಕ? ಎಂತ ಕಾರ್ಯಕ್ರಮ?"

"ಬಡಿಸಲಿಕ್ಕುಂಟು. ದೊಡ್ಡಮ್ಮನಿಗೆ."

"ಅಯ್ಯೋ ದೇವರೇ! ಯಾವಾಗ ಹೋದದ್ದು?"

"ಹೋಗಲಿಲ್ಲ. ಒಳಗೆ ಉಣ್ತಿದ್ದಾರೆ."

ಫಿಲೋಮಿನಾ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಎಲೆ ಕಡಿದುಕೊಟ್ಟರು. ಮರುದಿನ ಒಂದು ಡಬ್ಬಿ ತುಂಬ ಸಣ್ಣಾಸ್, ಎಂದರೆ ಅವರ ಕಡೆಯ ಇಡ್ಲಿ, ಕಳುಹಿಸಿ, "ಬಾಯಿಗೆ ಮೆತ್ತಗೆ ಇರ್ತದೆ, ಹಲ್ಲು ಬೇಡ. ಬದುಕಿದ್ದರೂ ಆಗ್ತದೆ, ಸತ್ತಿದ್ದರೂ ಆಗ್ತದೆ" ಎಂದು ಹೇಳಿಕಳುಹಿಸಿದರು. ಅವರು ಒಳ್ಳೆಯವರು. ಆದರೆ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. ಸುದ್ದಿ ಬಸ್ಸು ಹತ್ತಿತು, ಹೋಗುತ್ತ ಹೋಗುತ್ತ ತನ್ನ ಅರ್ಧ ಭಾಗವನ್ನು ದಾರಿಯಲ್ಲಿ ಕಳೆದುಕೊಂಡಿತು, ಬಂಟ್ವಾಳದಲ್ಲಿ ಇಳಿಯಿತು.

ಬಂಟ್ವಾಳದಲ್ಲಿ ದೊಡ್ಡಮ್ಮನ ಒಬ್ಬನೇ ಮಗ ಜಗನ್ನಾಥನ ಹೋಟೆಲಿದೆ. ನಾವು ಜಗ್ಗಣ್ಣ ಎನ್ನುತ್ತೇವೆ. ಎಪ್ಪತ್ತರ ಹತ್ತಿರದ, ದೊಡ್ಡ ದೇಹದ, ಪೂರ್ತಿ ಬೋಳುತಲೆಯ ಮನುಷ್ಯ. ತಿಂಗಳಿಗೊಮ್ಮೆ ಬಂದು ಅಮ್ಮನ ಮುಂದೆ ಹಣ್ಣಿನ ಬುಟ್ಟಿ ಇಟ್ಟು, ಏನು ಮಾತಾಡುವುದೆಂದು ತಿಳಿಯದೆ ಫ್ಯಾನು ನೋಡಿ ಹೋಗುತ್ತಿದ್ದ. ಅಮ್ಮ ಊಟ ಬಿಟ್ಟದ್ದನ್ನೂ ಡಾಕ್ಟರು ಹೇಳಿದ್ದನ್ನೂ ನಾನು ಅವನಿಗೆ ಹೇಳಿದ್ದೆ. ಮತ್ತೆ ಸರಿಯಾಯಿತು ಎಂದೂ ಹೇಳಿದ್ದೆ. ಹೇಗೆ ಸರಿಯಾಯಿತು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆ ಮಧ್ಯಾಹ್ನ ಗಿರಾಕಿಯೊಬ್ಬರು ಕೈತೊಳೆದು ಕೌಂಟರಿಗೆ ಬಂದು, "ಅಮ್ಮನ ವಿಷಯ ಗೊತ್ತಾಯ್ತು ಅಣ್ಣ. ಬೊಜ್ಜ ಯಾವತ್ತು ಇಟ್ಟಿದ್ದೀರಿ?" ಎಂದು ಕೇಳಿದರಂತೆ.

ಜಗ್ಗಣ್ಣನ ಕಾರು ನಮ್ಮ ಅಂಗಳಕ್ಕೆ ಬಂದಾಗ ನಾವಿಬ್ಬರೂ ಒಳಕೋಣೆಯ ಬಾಗಿಲ ಹೊರಗೆ ಕೈಕಟ್ಟಿ ನಿಂತಿದ್ದೆವು.

"ಎಂತ ಸಾವು ಮಾರಾಯ ಇದು—" ಎಂದು ಸುರುಮಾಡಿದವನು ತನ್ನ ಮಾತಿಗೆ ತಾನೇ ಬೆಚ್ಚಿ ನಿಂತ. "ಅಮ್ಮ ಎಲ್ಲಿ?"

"ಒಳಗೆ. ಊಟ ಮಾಡ್ತಿದ್ದಾರೆ."

"ಬಾಗಿಲು ಯಾಕೆ ಹಾಕಿದ್ದು?"

"ಹಾಕದಿದ್ದರೆ ಉಣ್ಣುವುದಿಲ್ಲ ಜಗ್ಗಣ್ಣ. ಸತ್ತಿದ್ದೇನೆ ಅಂತಾರೆ. ಹಾಗಾಗಿ ಕ್ರಮ ಪ್ರಕಾರ..."

ಅವನ ಮುಖ ಕೆಂಪೇರಿ, ಮತ್ತೆ ಬಿಳಿಯಾಯಿತು. "ನನ್ನ ಅಮ್ಮನನ್ನು ಕರೆದು ಬಾಗಿಲು ಹಾಕಿದ್ದೀಯಾ? ಬದುಕಿರುವಾಗಲೇ? ಭಾಸ್ಕರ, ಕನ್ನಡಕ ಮಾರಿ ಮಾರಿ ನಿನ್ನ ಕಣ್ಣು ಹೋಗಿದೆಯಾ?"

"ಜೋರು ಮಾತಾಡಬೇಡಿ ಭಾವ" ಎಂದಳು ವಿಶಾಲ. "ಅರ್ಧದಲ್ಲಿ ಬಿಡ್ತಾರೆ."

ಅವನು ನಮ್ಮನ್ನು ಸರಿಸಿ ಬಾಗಿಲನ್ನು ದೂಡಿ ಒಳಗೆ ಹೋದ. ಕೆಮ್ಮಲಿಲ್ಲ, ತಟ್ಟಲಿಲ್ಲ.

ದೊಡ್ಡಮ್ಮನ ಕೈಯಲ್ಲಿ ತುತ್ತು ಇತ್ತು. ಅದು ಬಾಯಿಗೂ ಎಲೆಗೂ ನಡುವೆ ನಿಂತಿತು. ಎಷ್ಟೋ ಸಮಯದಿಂದ ಯಾರನ್ನೂ ಸರಿಯಾಗಿ ಗುರುತಿಸದ ಅವರು ಮಗನನ್ನು ಒಮ್ಮೆಲೇ ಗುರುತಿಸಿದರು.

"ಜಗ್ಗು... ನೀನು ಯಾವಾಗ ಬಂದದ್ದು?"

"ಈಗ ಅಮ್ಮ. ಕಾರಲ್ಲಿ."

"ಕಾರಲ್ಲಾ..." ಎಂದರು ಅವರು. ತುತ್ತು ಕೈಯಿಂದ ಜಾರಿ ಬಿತ್ತು. "ಅಯ್ಯೋ. ಆಕ್ಸಿಡೆಂಟಾ?"

ಆಗ ನನಗೆ ಅರ್ಥವಾಯಿತು. ಸತ್ತವರು ಉಣ್ಣುತ್ತಿರುವ ಕೋಣೆಗೆ, ಬಾಗಿಲು ಮುಚ್ಚಿರುವಾಗ, ಕೆಮ್ಮದೆ ಬರುವವರು ಒಂದೇ ಜಾತಿಯವರು. ತಮ್ಮ ಸಾವಿಗೆ ಒಂದು ಹನಿ ಕಣ್ಣೀರು ಹಾಕದಿದ್ದ ದೊಡ್ಡಮ್ಮ ಬಾಯಿ ತೆರೆದು ಅತ್ತರು. ಆ ಅಳುವಿಗೆ ದನಿ ಇರಲಿಲ್ಲ, ಎದೆ ಮಾತ್ರ ಏರಿ ಇಳಿಯುತ್ತಿತ್ತು.

"ನಾನು ಸತ್ತಿಲ್ಲ ಅಮ್ಮ!"

"ಮೊದಮೊದಲು ಹಾಗೇ ಅನಿಸುವುದು ಮಗ. ಮಂಜಪ್ಪಣ್ಣನೂ ಹಾಗೇ ಹೇಳಿದ್ದ." ಅವನ ಬೋಳುತಲೆಯನ್ನು ಅಂಗೈಯಿಂದ ತಡವಿದರು. "ಕೂದಲೆಲ್ಲ ಹೋಗಿದೆ. ಎಷ್ಟು ಕಷ್ಟಪಟ್ಟು ಹೋದೆಯೋ ಏನೋ!"

ಜಗ್ಗಣ್ಣ ಬೆಂಚಿನ ಬಳಿ ನೆಲದಲ್ಲಿ ಕುಳಿತ. ಅದು ದೊಡ್ಡಪ್ಪನ ಎಲೆಯ ಎದುರು. "ಅದು ಅಪ್ಪನದ್ದು. ಇಲ್ಲಿ ಬಾ" ಎಂದು ದೊಡ್ಡಮ್ಮ ತಮ್ಮ ಎಲೆಯನ್ನೇ ಅವನ ಕಡೆಗೆ ದೂಡಿದರು. "ಉಣ್ಣು. ಹಸಿದು ಬಂದಿದ್ದೀಯಾ." ಜಗಳಕ್ಕೆ ಬಂದ ಮನುಷ್ಯ ಅಳುತ್ತ ಆ ಎಲೆಯಲ್ಲಿ ಉಂಡ. ಅವನು ಉಣ್ಣದಿದ್ದರೆ ಅವರ ಎದೆ ಹಾಗೆಯೇ ಏರಿ ಇಳಿದು ಒಡೆದುಹೋಗುತ್ತದೆ ಎಂದು ನಮಗೆಲ್ಲ ಹೆದರಿಕೆಯಾಗಿತ್ತು.

ಸಂಜೆ ಬಡಿಸಿ ಬಾಗಿಲು ಹಾಕಿ ತೆರೆದಾಗ ದೊಡ್ಡಮ್ಮ ಎಲೆ ಮುಟ್ಟಿರಲಿಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ. ಎಲೆಯನ್ನು ಪಕ್ಕಕ್ಕೆ, ಯಾರೂ ಇಲ್ಲದ ಜಾಗಕ್ಕೆ ಸರಿಸಿಟ್ಟಿದ್ದರು. "ನನ್ನ ಮಗನಿಗೆ ಯಾಕೆ ಬಡಿಸುವುದಿಲ್ಲ? ಅವನು ಹಸಿದುಕೊಂಡು ಇರುವಾಗ ನಾನು ಉಣ್ಣುವುದಾ?" ತಾವು ಸತ್ತದ್ದನ್ನು ಗಂಟುನೋವಿನಷ್ಟು ಹಗುರಾಗಿ ತೆಗೆದುಕೊಂಡವರಿಗೆ ಮಗ ಸತ್ತದ್ದನ್ನು ತೆಗೆದುಕೊಳ್ಳಲು ಆಗಲಿಲ್ಲ. ಜಗ್ಗಣ್ಣ ಎದುರು ನಿಂತು ಸಮಾಧಾನ ಹೇಳಿದಷ್ಟೂ, ಅವನು ಕಣ್ಣಿಗೆ ಬಿದ್ದಷ್ಟೂ, ಅವರ ಅಳು ಹೆಚ್ಚಾಗುತ್ತಿತ್ತು.

"ಒಂದು ಎಲೆ ಹೆಚ್ಚಿಗೆ ಹಾಕಿ ಜಗ್ಗಣ್ಣನ ಹೆಸರು ಕರೆಯುವುದಾ?" ಎಂದು ನಾನು ಮೆಲ್ಲಗೆ ಕೇಳಿದೆ.

"ಆಗುವುದಿಲ್ಲ" ಎಂದಳು ವಿಶಾಲ. "ಒಂದು ಮನೆಯಲ್ಲಿ ಒಬ್ಬರು ಸಾಕು. ಹೀಗೇ ಹೋದರೆ ನಾಳೆ ನಿಮ್ಮ ಎಲೆ, ನಾಡಿದ್ದು ನನ್ನದು."

ಜಗ್ಗಣ್ಣ ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದ. ರಾತ್ರಿ ಬಂಟ್ವಾಳಕ್ಕೆ ಹೋಗಿರಲಿಲ್ಲ. ಇವತ್ತೂ ಉಣ್ಣದಿದ್ದರೆ ಆಸ್ಪತ್ರೆಯೇ ಗತಿ. ನಳಿಗೆಯ ವಿಷಯ, ಕೈ ಕಟ್ಟುವ ವಿಷಯ ಅವನಿಗೂ ಗೊತ್ತಿತ್ತು. ತಲೆ ಎತ್ತದೆ ಕೇಳಿದ:

"ಬಡಿಸುವುದು ಯಾರು?"

"ನಾನು."

"ಸತ್ತವರು ಯಾರಾದರೂ ಬಡಿಸ್ತಾರಾ?"

"ಇಲ್ಲ" ಎಂದೆ. "ಬದುಕಿರುವವರು ಮಾತ್ರ."

ಅವನು ಎದ್ದ. ಕಾಲು ತೊಳೆದ, ಕೈ ತೊಳೆದ. ವಿಶಾಲ ಅವನ ಕೈಗೆ ಎಲೆಗಳನ್ನು ಕೊಟ್ಟಳು. ಹೋಟೆಲಿನ ಕೌಂಟರಿನಲ್ಲಿ ಕುಳಿತ ಮೇಲೆ ಅವನು ಯಾರಿಗೂ ಬಡಿಸಿರಲಿಲ್ಲ. ಆದರೂ ಕೈ ಮರೆತಿರಲಿಲ್ಲ. ಎಲೆಯ ಕುಡಿ ಎಡಕ್ಕೆ, ಉಪ್ಪು ಅದರ ತುದಿಗೆ, ಪಲ್ಯ, ಸಾರು, ಮೂಳೆ ತೆಗೆದ ಮೀನು. ದೊಡ್ಡಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಅವರಿಗೆ ಯಾವುದೂ ಬೇಕಾಗಿರಲಿಲ್ಲ.

ಜಗ್ಗಣ್ಣ ಕೈಮುಗಿದು ಒಬ್ಬೊಬ್ಬರನ್ನೇ ಕರೆದ. ಅಪ್ಪನನ್ನು ಕರೆದ. ಮತ್ತೆ ನಿಲ್ಲಿಸಿದ. ನಿನ್ನೆ ಯಾವುದನ್ನು ಕೇಳಿ ಬಿಳುಚಿಕೊಂಡಿದ್ದನೋ ಅದನ್ನು ಈಗ ಅವನ ಬಾಯಿಯೇ ಹೇಳಬೇಕಾಗಿತ್ತು. ಹುಟ್ಟಿದಂದಿನಿಂದ ಒಮ್ಮೆಯೂ ಉಚ್ಚರಿಸದ ಹೆಸರು.

"ದೇಜಮ್ಮ... ಅಮ್ಮ... ನಿನ್ನ ಮಗ ಜಗನ್ನಾಥ ಬಡಿಸಿದ್ದೇನೆ. ಬಾ. ಉಣ್ಣು."

ಮತ್ತೆ ಹಿಂದೆ ಹಿಂದೆ ನಡೆದು ಹೊರಗೆ ಬಂದು ತಾನೇ ಬಾಗಿಲು ಎಳೆದುಕೊಂಡ.

ಒಳಗೆ ಸದ್ದಿಲ್ಲ. ರಸ್ತೆಯಲ್ಲಿ ಒಂದು ಬಸ್ಸು ನಿಂತು, ಸೀಟಿ ಊದಿ, ಹೋಯಿತು. ವಿಶಾಲ ಕಣ್ಣು ಮುಚ್ಚಿಕೊಂಡಿದ್ದಳು. ಕುರ್ಚಿ ಕಿರುಗುಟ್ಟಿತು. ಆಮೇಲೆ ದೊಡ್ಡಮ್ಮನ ದನಿ, ಅಲ್ಲಿರುವವರಿಗೆಲ್ಲ ಕೇಳುವಷ್ಟು ದೊಡ್ಡದಾಗಿ:

"ಕೇಳಿತಾ ಸುಂದರೀ? ಜಗ್ಗು ಕರೆದದ್ದು. ಕರೆದು ಬಾಗಿಲು ಹಾಕಿದ. ನನ್ನ ಮಗ ಹೊರಗೆ ಇದ್ದಾನೆ, ನಮ್ಮ ಜೊತೆ ಇಲ್ಲ."

ಮತ್ತೆ ಎಲೆಯ ಮೇಲೆ ಬೆರಳು ಆಡುವ ಸದ್ದು. ಸಾರು ಸುರಿಯುವ ಸದ್ದು. ಅವಸರವಿಲ್ಲದ, ಹಲ್ಲಿಲ್ಲದ, ದೀರ್ಘವಾದ ಊಟದ ಸದ್ದು.

ಎಂದಿನಷ್ಟು ಹೊತ್ತು ಕಳೆಯಿತು. ವಿಶಾಲ ಬಾಗಿಲ ಕಡೆಗೆ ಕೈ ಚಾಚಿದಳು. ಜಗ್ಗಣ್ಣ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಅಡ್ಡ ನಿಂತ.

"ಈಗ ಬೇಡ" ಎಂದ. "ಇನ್ನೂ ಉಣ್ತಾ ಇದ್ದಾಳೆ."